ನನ್ನ ಹೆಸರಲ್ಲಿ 6,000 ಸುಳ್ಳು ಮೇಲ್: ಬ್ಯಾಕ್‌ಲಿಂಕ್ ಏಜೆನ್ಸಿಯವರಿಗೆ ಇಮೇಲ್ ಕೊಡುವ ಮುಂಚೆ ಇದನ್ನು ಓದಿ

"ನಿಮ್ಮ ವೆಬ್‌ಸೈಟಿಗೆ ಬ್ಯಾಕ್‌ಲಿಂಕ್ ತಂದುಕೊಡ್ತೀವಿ, ಔಟ್‌ರೀಚ್ ಮೇಲ್ ಎಲ್ಲ ನಾವೇ ಕಳಿಸ್ತೀವಿ" ಅಂತ ಯಾರಾದರೂ ಫೋನ್ ಮಾಡಿದರೆ ದಯವಿಟ್ಟು ಇಮೇಲ್ ಪಾಸ್‌ವರ್ಡ್ ಕೊಡಬೇಡಿ. (ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟಿನಿಂದ ನಮ್ಮ ಸೈಟಿಗೆ ಬರುವ ಲಿಂಕ್; ಔಟ್‌ರೀಚ್ ಮೇಲ್ ಅಂದರೆ ಲಿಂಕ್ ಹಾಕಿ ಅಂತ ಆ ಸೈಟಿನವರಿಗೆ ಬರೆಯುವ ಮೇಲ್.) ನಾನು ಕೊಟ್ಟೆ. ಮೂರು ತಿಂಗಳಿಗೆ 54,000 ರೂಪಾಯಿ ಹೋಯಿತು. ಅದು ಹೋಗಲಿ. ನನ್ನ ಹೆಸರು ಹಾಕಿ ಅವರು ಏನೇನು ಬರೆದರು ಅನ್ನುವುದು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಮ್ಮದು ಶಿರಸಿ ಕಡೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ವೆಬ್‌ಸೈಟಿನಲ್ಲಿ ಮಾರಾಟ ಮಾತ್ರ ಅಲ್ಲ, ಮಿಡಿಯ ಬಗ್ಗೆ ಕಷ್ಟಪಟ್ಟು ಬರೆದ ಪುಟಗಳೂ ಇವೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪೆ, ಜೀರಿಗೆ, ಹೀಗೆ 14 ತಳಿಗಳ ಎಲೆ, ತೊಟ್ಟು, ಮಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಫೋಟೋ. ಅಘನಾಶಿನಿ ದಂಡೆಯ ಮರಗಳ ಬುಡಕ್ಕೆ ನಾನೇ ಹೋಗಿ ತೆಗೆದದ್ದು. ಆದರೆ ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಪುಟ ಮೂರನೇ ಪುಟದಲ್ಲಿ ಎಲ್ಲೋ ಇರುತ್ತಿತ್ತು. ಬೇರೆ ಸೈಟುಗಳು ನಮಗೆ ಲಿಂಕ್ ಕೊಡಬೇಕು, ಅದನ್ನೇ ಗೂಗಲ್ 1998ರಿಂದ ಒಂದು ಥರದ ಶಿಫಾರಸು ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ ಅಂತ ಓದಿದ್ದೆ. ಅಷ್ಟರಲ್ಲಿ ಇವರ ಫೋನ್ ಬಂತು.

ಬೆಂಗಳೂರಿನ ಏಜೆನ್ಸಿ. ಚೆನ್ನಾಗಿ ಕನ್ನಡ ಮಾತಾಡುವ ಹುಡುಗ. "ಮೇಡಂ, ತಿಂಗಳಿಗೆ 18,000. ಡಿಎ 50ಕ್ಕಿಂತ ಜಾಸ್ತಿ ಇರುವ ಸೈಟುಗಳಿಂದಲೇ ಲಿಂಕ್ ತರ್ತೀವಿ. ನಿಮ್ಮ ಡೊಮೇನಿನಲ್ಲಿ ನಿಮ್ಮ ಹೆಸರಿನದೇ ಒಂದು ಮೇಲ್ ಐಡಿ ಮಾಡಿಕೊಡಿ. ಓನರ್ ಹೆಸರಿಂದ ಹೋದರೆ ರಿಪ್ಲೈ ಜಾಸ್ತಿ ಬರುತ್ತೆ." ಡಿಎ ಅಂದರೆ ಡೊಮೇನ್ ಅಥಾರಿಟಿ, ಒಂದು ಸೈಟಿನ ಬಲಕ್ಕೆ ನೂರರೊಳಗೆ ಕೊಡುವ ಅಂಕ; ಡೊಮೇನ್ ಅಂದರೆ ಸೈಟಿನ ವಿಳಾಸ. ಮಾತು ಸರಿ ಅನ್ನಿಸಿತು. ಐಡಿ ಮಾಡಿ, ಪಾಸ್‌ವರ್ಡ್ ಸಮೇತ ಕೊಟ್ಟೆ. ರಿಪ್ಲೈ ಕೂಡ ಅವರೇ ನೋಡಿಕೊಳ್ಳುತ್ತಾರೆ ಅಂದಿದ್ದರು, ಹಾಗಾಗಿ ನಾನು ಆ ಮೇಲ್ ಡಬ್ಬಿ ತೆರೆದೇ ನೋಡಲಿಲ್ಲ. ಎರಡೂವರೆ ತಿಂಗಳು! ಒಂದು ಸಲವಾದರೂ ತೆರೆಯಬೇಕಿತ್ತು.

ಗೊತ್ತಾಗಿದ್ದು ಒಂದು ವಾಟ್ಸಾಪ್ ಮೆಸೇಜಿನಿಂದ. ಅಮೆರಿಕದಲ್ಲಿರುವ, ನಮ್ಮ ಕಡೆಯವರೇ ಆದ ಒಬ್ಬ ಅಕ್ಕ ಮಲೆನಾಡು ಅಡುಗೆ ಬಗ್ಗೆ ಬರೆಯುತ್ತಾರೆ. ಹೋದ ವರ್ಷ ಊರಿಗೆ ಬಂದಾಗ ನಮ್ಮ ಮನೆಗೆ ಬಂದು ಉಪ್ಪಿನಕಾಯಿ ತಗೊಂಡು ಹೋಗಿದ್ದರು. ಅವರಿಗೆ ನನ್ನ ಹೆಸರಲ್ಲಿ ಹೋದ ಮೇಲ್ "ಡಿಯರ್ ಸರ್" ಅಂತ ಶುರುವಾಗಿತ್ತು. ಬಹಳ ವರ್ಷಗಳಿಂದ ನಿಮ್ಮ ಬರಹದ ದೊಡ್ಡ ಅಭಿಮಾನಿ ನಾನು, ನಮ್ಮ ಸೈಟಿಗೆ ಒಂದು ಡುಫಾಲೋ (ಅಂದರೆ ಗೂಗಲ್ ಶಿಫಾರಸು ಅಂತ ಲೆಕ್ಕಕ್ಕೆ ತಗೊಳ್ಳುವ) ಲಿಂಕ್ ಹಾಕಿದರೆ 30 ಡಾಲರ್ ಕೊಡುತ್ತೇನೆ ಅಂತ. ಅದಾದ ಮೇಲೆ ನಾಲ್ಕು ದಿನಕ್ಕೊಂದರಂತೆ ಮೂರು ಸಲ "ನನ್ನ ಮೇಲ್ ನೋಡಿದಿರಾ" ಅಂತ ನೆನಪೋಲೆ.

ಅಕ್ಕ ಸ್ಕ್ರೀನ್‌ಶಾಟ್ ಹಾಕಿ ಹೀಗೆ ಬರೆದಿದ್ದರು: "ತಂಗೀ, ನಾನು ಸರ್ ಯಾವಾಗ ಆದೆ? ನಿಮ್ಮನೆ ಜಗಲಿಯಲ್ಲಿ ಕೂತು ಕಷಾಯ ಕುಡಿದಿದ್ದೆನಲ್ಲ. ಲಿಂಕ್ ಬೇಕು ಅಂತ ಒಂದು ಮಾತು ಹೇಳಿದ್ದರೆ ಸುಮ್ನೆ ಹಾಕುತ್ತಿದ್ದೆ. ದುಡ್ಡು ಕೊಡ್ತೀನಿ ಅಂತ ನನಗೆ ಬರೆಯಬೇಕಿತ್ತಾ?"

ಎರಡು ಮೂರು ಸಲ ಓದಿದೆ. ಏನು ಉತ್ತರ ಬರೆಯಬೇಕು ತೋಚಲಿಲ್ಲ. ಆಮೇಲೆ ಆ ಡಬ್ಬಿ ತೆರೆದೆ. ಕಳಿಸಿದ ಮೇಲ್‌ಗಳು 6,000ಕ್ಕೂ ಜಾಸ್ತಿ. ಎಲ್ಲದರ ಕೆಳಗೂ ನನ್ನ ಹೆಸರು. ಹೆಸರು ತುಂಬಬೇಕಾದ ಜಾಗ ಖಾಲಿ ಬಿಟ್ಟು "ಹಾಯ್ ಫಸ್ಟ್ ನೇಮ್" ಅಂತಲೇ ಹೋದವು ನೂರಾರು. ಬೈಕ್ ಬಿಡಿಭಾಗದ ಸೈಟಿಗೂ ಹೋಗಿದೆ, ನಾಯಿಮರಿ ಸಾಕುವವರಿಗೂ ಹೋಗಿದೆ. ಉಪ್ಪಿನಕಾಯಿಗೂ ನಾಯಿಮರಿಗೂ ಏನು ಸಂಬಂಧ ಹೇಳಿ.

ಎಲ್ಲದಕ್ಕಿಂತ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರಿಗೆ "ನಿಮ್ಮ ಪುಟದಲ್ಲಿ ಒಂದು ಲಿಂಕ್ ತೆರೆಯುತ್ತಿಲ್ಲ, ಅದರ ಬದಲು ನಮ್ಮ ಲಿಂಕ್ ಹಾಕಿ" ಅಂತ ಬರೆದಿದ್ದಾರೆ. ತೆರೆಯದ ಲಿಂಕ್ ಹುಡುಕಿ ತಿಳಿಸುವುದು ಒಳ್ಳೆಯ ಕೆಲಸವೇ, ನಿಜವಾಗಿ ಹುಡುಕಿದ್ದರೆ. ಇವರು ಪುಟ ತೆರೆದೇ ಇಲ್ಲ. ಪಾಪ, ಆ ಮೇಷ್ಟ್ರು ನಂಬಿ ಎಲ್ಲ ಲಿಂಕ್ ಒತ್ತಿ ನೋಡಿ ಉತ್ತರ ಬರೆದಿದ್ದಾರೆ: "ಎಲ್ಲವೂ ತೆರೆಯುತ್ತಿವೆ. ಯಾವುದು ಅಂತ ತಿಳಿಸಿದರೆ ಸರಿ ಮಾಡುತ್ತೇನೆ." ಅದಕ್ಕೆ ನನ್ನ ಹೆಸರಲ್ಲಿ ಹೋದ ಉತ್ತರ ಏನು ಗೊತ್ತಾ? "ಥ್ಯಾಂಕ್ಸ್ ಫಾರ್ ಯುವರ್ ಇಂಟರೆಸ್ಟ್. ವಾಟ್ ಈಸ್ ಯುವರ್ ಪ್ರೈಸ್?" ಅಷ್ಟೇ.

ಏಜೆನ್ಸಿಯ ಹುಡುಗನಿಗೆ ಫೋನ್ ಮಾಡಿದೆ. "ಮೇಡಂ, ಇದೆಲ್ಲ ನಂಬರ್ ಗೇಮ್. ಸಾವಿರ ಕಳಿಸಿದರೆ ಹತ್ತು ಬರುತ್ತೆ. ಎಲ್ಲರೂ ಹೀಗೇ ಮಾಡೋದು" ಅಂದ. ನನ್ನ ಪರಿಚಯದವರಿಗೇ ಸುಳ್ಳು ಬರೆದಿದ್ದೀರಲ್ಲ ಅಂದೆ. "ನಿಮ್ಮ ಪರಿಚಯದವರ ಲಿಸ್ಟ್ ನೀವು ಮೊದಲೇ ಕೊಡಬೇಕಿತ್ತು ಮೇಡಂ." ತಪ್ಪು ನನ್ನದೇ ಆಯಿತು! ಮೇಷ್ಟ್ರ ವಿಷಯ ಕೇಳಿದರೆ "ಅದು ಟೆಂಪ್ಲೇಟ್ ಮೇಡಂ" ಅಂದ. ಟೆಂಪ್ಲೇಟ್ ಅಂದರೆ ಸುಳ್ಳು ಹೇಳಬಹುದಾ?

ಹಾಗಾದರೆ ಲಿಂಕ್ ಬಂದವಾ? ಪ್ರತಿ ತಿಂಗಳು ಹಸಿರು ಬಣ್ಣದ ಶೀಟ್ ಕಳಿಸುತ್ತಿದ್ದರು, ಒಟ್ಟು 38 ಲಿಂಕ್, ಎಲ್ಲ ಡಿಎ 50ರ ಮೇಲೆ. ಅಂದು ರಾತ್ರಿ ಕೂತು ಒಂದೊಂದೇ ತೆರೆದೆ. ಆನ್‌ಲೈನ್ ಜೂಜು, ಸಾಲದ ಆ್ಯಪ್, ನಡುವೆ ನಮ್ಮ ಅಪ್ಪೆಮಿಡಿ. ಒಂದು ಸೈಟಿನ ಹಳೆಯ ರೂಪವನ್ನು, ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನಿನಲ್ಲಿ ನೋಡಿದರೆ ಅದು ಮೊದಲು ಯಾವುದೋ ಶಾಲೆಯದು. ಶಾಲೆಯವರು ಡೊಮೇನ್ ಹೆಸರು ನವೀಕರಿಸದೆ ಬಿಟ್ಟಿದ್ದನ್ನು ಯಾರೋ ಕೊಂಡು ಲಿಂಕ್ ಮಾರುತ್ತಿದ್ದಾರೆ. ಇಂಥದ್ದನ್ನು ಗೂಗಲ್ 2024ರ ಮಾರ್ಚಿನಲ್ಲಿ ಹೆಸರು ಹಿಡಿದೇ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಇನ್ನು ಆ ಡಿಎ ಅನ್ನುವುದು ಗೂಗಲ್ ಕೊಡುವ ಅಂಕವೇ ಅಲ್ಲ! ಮಾಜ್ ಅನ್ನುವ ಬೇರೆ ಕಂಪನಿಯ ಲೆಕ್ಕ. ಗೂಗಲ್ ಅದನ್ನು ನೋಡುವುದೇ ಇಲ್ಲ. ಇಷ್ಟು ದಿನ ನಾನು ಆ ಹಸಿರು ಶೀಟ್ ನೋಡಿ ಖುಷಿಪಟ್ಟಿದ್ದೆ.

ದುಡ್ಡು ಕೊಟ್ಟು ಲಿಂಕ್ ಹಾಕಿಸಿಕೊಳ್ಳುವುದೂ ಗೂಗಲ್ ನಿಯಮಕ್ಕೆ ವಿರುದ್ಧ. ದುಡ್ಡಿನ ಲಿಂಕಿಗೆ ನೋಫಾಲೋ (ಇದನ್ನು ಶಿಫಾರಸು ಅಂತ ತಗೊಳ್ಳಬೇಡಿ ಅನ್ನುವ ಗುರುತು) ಅಥವಾ 2019ರಲ್ಲಿ ಬಂದ ಸ್ಪಾನ್ಸರ್ಡ್ (ದುಡ್ಡು ಕೊಟ್ಟದ್ದು ಅನ್ನುವ) ಗುರುತು ಹಾಕಬೇಕು. ಇವರು ಡುಫಾಲೋ ಬೇಕು ಅಂತ ನನ್ನ ಹೆಸರಲ್ಲೇ, ಬರವಣಿಗೆಯಲ್ಲೇ ಕೇಳಿದ್ದಾರೆ. 2012ರ ಏಪ್ರಿಲಿನಲ್ಲಿ ಗೂಗಲ್ ಹುಡುಕಾಟದ ಲೆಕ್ಕ ಬದಲಿಸಿದ ಪೆಂಗ್ವಿನ್ ಅಪ್‌ಡೇಟ್ ಬಂದಾಗಲೇ ಇಂಥ ಲಿಂಕ್ ನಂಬಿದವರ ಸೈಟುಗಳು ಕೆಳಗೆ ಬಿದ್ದಿದ್ದವಂತೆ. ಇದೆಲ್ಲ ಮುಂಚೆ ಓದಿಕೊಂಡಿದ್ದರೆ!

ಇಷ್ಟಕ್ಕೇ ಮುಗಿಯಲಿಲ್ಲ. ಮಿಡಿ ಕೊಯ್ಲಿನ ಕಾಲ ಅದು. ವರ್ಷದ ಆರ್ಡರ್ ಬರುವುದೇ ಆಗ. ಗಿರಾಕಿಗಳು ಫೋನ್ ಮಾಡತೊಡಗಿದರು, "ದುಡ್ಡು ಕಟ್ಟಿದೆವು, ಮೇಲ್ ಬರಲಿಲ್ಲ" ಅಂತ. ನೋಡಿದರೆ ನಮ್ಮ ಆರ್ಡರ್ ಮೇಲ್ ಎಲ್ಲ ಸ್ಪ್ಯಾಮ್‌ಗೆ ಹೋಗಿ ಬೀಳುತ್ತಿವೆ. ಅದೂ ಅದೇ ಡೊಮೇನ್ ತಾನೆ. ಜಿಮೇಲ್ ಲೆಕ್ಕದಲ್ಲಿ ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಮುಖ ಪರಿಚಯವಿಲ್ಲದವರಿಗೆ 6,000 ಸುಳ್ಳು ಮೇಲ್ ಕಳಿಸಿದರೆ ಎಷ್ಟು ಜನ ದೂರು ಒತ್ತಿರಬೇಡ! ಒಬ್ಬ ಅಜ್ಜ ಮೈಸೂರಿನಿಂದ ಫೋನ್ ಮಾಡಿ "ನೀವು ಮೋಸದವರಾ?" ಅಂತ ಕೇಳಿದರು. ಅದಕ್ಕಿಂತ ಇನ್ನೇನು ಕೇಳಬೇಕು.

ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ: "ಒಪ್ಪಿದ 36 ಲಿಂಕಿಗಿಂತ 2 ಜಾಸ್ತಿಯೇ ಕೊಟ್ಟಿದ್ದೇವೆ. ರ‍್ಯಾಂಕಿಂಗ್ ಬಗ್ಗೆ ಒಪ್ಪಂದದಲ್ಲಿ ಏನೂ ಇಲ್ಲ." ನೋಡಿದೆ, ನಿಜವಾಗಿಯೂ ಇಲ್ಲ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಈಗ ನಾನೇ ಬರೆಯುತ್ತಿದ್ದೇನೆ. ವಾರಕ್ಕೆ ಎರಡೇ ಮೇಲ್. ಮೊದಲು ಅವರ ಪುಟ ಪೂರ್ತಿ ಓದುತ್ತೇನೆ. ಅಪ್ಪೆಹುಳಿ ಬಗ್ಗೆ ಬರೆದ ಒಬ್ಬರ ಪುಟದಲ್ಲಿ ತಳಿಗಳ ಬಗ್ಗೆ ಕೊಟ್ಟ ಲಿಂಕ್ ನಿಜವಾಗಿಯೂ ತೆರೆಯುತ್ತಿರಲಿಲ್ಲ. ಎಷ್ಟನೇ ಪ್ಯಾರಾ ಅಂತ ಹೇಳಿ, ನಮ್ಮ 14 ತಳಿಗಳ ಪುಟ ತೋರಿಸಿ, ಫೋಟೋ ಬೇಕಾದರೆ ಬಳಸಿಕೊಳ್ಳಿ ಅಂತ ಬರೆದೆ. ಐದಾರು ಸಾಲು, ಕೆಳಗೆ ಫೋನ್ ನಂಬರ್. ಮರುದಿನವೇ ಲಿಂಕ್ ಹಾಕಿದರು. ಒಂಬತ್ತು ಮೇಲಿಗೆ ಮೂರು ಲಿಂಕ್ ಬಂದಿವೆ. ಉತ್ತರ ಬರದಿದ್ದರೆ ಒಂದೇ ಸಲ ನೆನಪಿಸುತ್ತೇನೆ, ಮತ್ತೆ ಕೇಳುವುದಿಲ್ಲ.

ಬೇರೆಯವರಿಗೆ ಕೆಲಸ ಕೊಡಲೇಬೇಕು ಅಂದರೆ ಮೊದಲ ಹತ್ತು ಮೇಲ್ ಹೋಗುವ ಮುಂಚೆ ನೀವೇ ಓದಿ. ಓದಲು ಕೊಡಲ್ಲ ಅಂದರೆ ಬೇಡವೇ ಬೇಡ. ಯಾವ ಸೈಟು ಅಂತ ಮೊದಲೇ ಕೇಳಿ, ತೆರೆದು ನೋಡಿ. ಆರ್ಡರ್ ಮೇಲ್ ಹೋಗುವ ಡೊಮೇನಿನಲ್ಲಿ ಇವರಿಗೆ ಐಡಿ ಮಾಡಿಕೊಡಲೇಬೇಡಿ. ಡಿಎ ಡಿಎ ಅಂತ ಹೇಳಿದರೆ ಫೋನ್ ಇಟ್ಟುಬಿಡಿ.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಬೈದರು, ಆಮೇಲೆ ಸಮಾಧಾನ ಮಾಡಿದರು. ಮೇಷ್ಟ್ರಿಗೆ ಕ್ಷಮೆ ಕೇಳಿ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಬರೆಯಲು ನನ್ನಿಂದ ಆಗುತ್ತಿಲ್ಲ. ಅಪ್ಪೆಮಿಡಿ ಹೆಸರು ಹೇಳಿಕೊಂಡು "ಡಿಯರ್ ಸರ್" ಅಂತ ಶುರುವಾಗುವ ಮೇಲ್ ನಿಮಗೂ ಬಂದಿದ್ದರೆ, ಅದನ್ನು ನಾನು ಬರೆದಿಲ್ಲ. ಅಳಿಸಿಬಿಡಿ.