ಆಯುಷ್ಮಾನ್ ಕಾರ್ಡ್ ಮಾಡಿಸಿದ ಸೇವಾ ಕೇಂದ್ರಕ್ಕೆ ನನ್ನ ನಾಲ್ಕು ಸ್ಟಾರ್

ಪುಣೆ–ಸೋಲಾಪುರ ಹೈವೇಯನ್ನು ಚೌಫುಲಾದಲ್ಲಿ ಬಿಟ್ಟು ಕೇಡಗಾಂವ್ ಕಡೆ ಹೊರಳಿದರೆ, ಗೊಬ್ಬರದ ಅಂಗಡಿಗೂ ಮೋಟರ್ ವೈಂಡಿಂಗ್ ಅಂಗಡಿಗೂ ನಡುವೆ ಸಣ್ಣದೊಂದು ಸೇವಾ ಕೇಂದ್ರ ಸಿಗುತ್ತದೆ. ಸಾತಬಾರಾ ಉತಾರ (ನಮ್ಮ ಪಹಣಿ ಇದ್ದ ಹಾಗೆ), ಲೈಟ್ ಬಿಲ್, ಪ್ಯಾನ್ ಕಾರ್ಡ್, ರೈಲ್ವೆ ಟಿಕೆಟ್, ಪಾಸ್‌ಪೋರ್ಟ್ ಫೋಟೊ, ಎಲ್ಲ ಆ ಒಂದೇ ಖೋಲಿಯಲ್ಲಿ. ಬೋರ್ಡಿನ ಮೇಲಿರುವ ಹೆಸರು ಹಾಕೋಣ ಅಂತಿದ್ದೆ. ನಡೆಸುವ ಹುಡುಗನೇ ಬೇಡ ಅಂದ. ಈಗಲೇ ಪಾಳಿ ಗೊಬ್ಬರದ ಅಂಗಡಿ ಮುಂದೆ ಹೋಗಿ ನಿಲ್ಲುತ್ತದಂತೆ, ಅವರು ಬೈಯುತ್ತಾರಂತೆ. ಇರಲಿ. ಗುರುತು ಹೇಳಿದ್ದೇನೆ, ಬೇಕಾದವರು ಹುಡುಕಿಕೊಳ್ಳಿ.

ಕೇಡಗಾಂವ್ ಅಂದರೆ ಓದಿದವರಿಗೆ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ನೆನಪಾಗುತ್ತದೆ. ನನ್ನಂಥವರಿಗೆ ಬೆಲ್ಲ. ನಾನು ಆಳಂದ ತಾಲೂಕಿನವ, ಪುಣೆಯ ಹಡಪಸರಕ್ಕೆ ಬಂದು ಹದಿನೆಂಟು ವರ್ಷ ಆಯಿತು. ಪಿಕಪ್ ಓಡಿಸುತ್ತೇನೆ. ದೌಂಡ್ ತಾಲೂಕಿನ ಗುರ್ಹಾಳಗಳಿಂದ (ನಮ್ಮ ಕಡೆ ಗಾಣ ಅಂತೀವಿ) ಬೆಲ್ಲದ ಪೆಂಟಿ ಹೇರಿಕೊಂಡು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹಾಕುವುದು ನನ್ನ ದಂಧೆ. ಅಂಥದೇ ಒಂದು ಗಾಣದಲ್ಲಿ ನನ್ನ ಸೋದರಮಾವ ಇಪ್ಪತ್ತಾರು ವರ್ಷದಿಂದ ಕೊಪ್ಪರಿಗೆ ಮುಂದೆ ನಿಂತಿದ್ದಾನೆ.

ಹೋದ ಮಳೆಗಾಲದಲ್ಲಿ ಅತ್ತೆಗೆ ಎದೆ ನೋವು ಬಂತು. ಪುಣೆಯ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಸ್ಟೆಂಟ್ ಹಾಕಬೇಕು, ಮೊದಲು ಡಿಪಾಸಿಟ್ ಕಟ್ಟಿ ಅಂದರು. ಮಾಮಾ ಗಾಣದ ಮಾಲಕರ ಹತ್ತಿರ ಒಂದೂವರೆ ಲಕ್ಷ ಉಚಲ್ (ಮುಂಗಡ) ತೆಗೆದ. ಅದು ಇನ್ನೂ ಹರಿದಿಲ್ಲ; ಇನ್ನೆರಡು ಸೀಸನ್ನು ಅವನು ಆ ಗಾಣ ಬಿಟ್ಟು ಕದಲುವ ಹಾಗಿಲ್ಲ. ಆಮೇಲೆ ನನಗೆ ಗೊತ್ತಾದದ್ದು ಇದು: ಅಷ್ಟೂ ಹೊತ್ತು ಅವರ ಕೇಸರಿ ರೇಷನ್ ಕಾರ್ಡು ತಗಡಿನ ಟ್ರಂಕಿನಲ್ಲಿ, ಅತ್ತೆಯ ಇಳಕಲ್ ಸೀರೆ ಕೆಳಗೆ, ಬೆಚ್ಚಗೆ ಮಲಗಿತ್ತು. ಆ ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ನಮಗೂ ತಿಳಿಯಲಿಲ್ಲ.

ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಅಂತ ಇದೆ, ಆಸ್ಪತ್ರೆ ಖರ್ಚು ಸರಕಾರವೇ ನೋಡಿಕೊಳ್ಳುವುದು. 2012ರ ಜುಲೈನಲ್ಲಿ ಎಂಟು ಜಿಲ್ಲೆಗಳಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದದ್ದು, 2017ರಲ್ಲಿ ಫುಲೆಯವರ ಹೆಸರು ಪಡೆಯಿತು. ಮೊದಲು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಇತ್ತು, 2024ರ ಜುಲೈನಿಂದ 5 ಲಕ್ಷ. ಹಳದಿ, ಕೇಸರಿ, ಬಿಳಿ, ಈ ರಾಜ್ಯದ ರೇಷನ್ ಕಾರ್ಡು ಯಾವ ಬಣ್ಣದ್ದಾದರೂ ನಡೆಯುತ್ತದೆ. ಕೇಂದ್ರದ ಆಯುಷ್ಮಾನ್ ಯೋಜನೆಯೂ ಇದರ ಜೊತೆಗೇ ಜೋಡಿಸಿದೆ. ಆದರೆ ಐದು ಲಕ್ಷ ಇಡೀ ಮನೆಗೆ, ತಲೆಗೆ ಐದಲ್ಲ. ಬರೇ ಜ್ವರ, ನೆಗಡಿಗೆ ಡಾಕ್ಟರಿಗೆ ತೋರಿಸಿ ಗುಳಿಗೆ ತರುವುದಕ್ಕೆ ಇದು ಬರೋದಿಲ್ಲ. ಅಡ್ಮಿಟ್ ಆಗಬೇಕು, ಆ ಕಾಯಿಲೆ ಪಟ್ಟಿಯಲ್ಲಿರಬೇಕು, ಆ ಆಸ್ಪತ್ರೆಯೂ ಯೋಜನೆಯಲ್ಲಿರಬೇಕು. ಮತ್ತೆ ಮೊದಲು ದುಡ್ಡು ಕಟ್ಟಿ ಆಮೇಲೆ ಬಿಲ್ಲು ತೋರಿಸಿ ವಾಪಸ್ ಕೇಳುವ ಪದ್ಧತಿ ಇದರಲ್ಲಿ ಇಲ್ಲ. ಅತ್ತೆಯ ಬಿಲ್ಲುಗಳ ಫೈಲು ಹಿಡಿದು ನಾನು ಮೂರು ಕಡೆ ಅಲೆದು ಕಲಿತ ಪಾಠ ಇದು.

ಅದಕ್ಕೇ ಅಮಾವಾಸ್ಯೆ ದಿನ, ಗಾಣ ಬಂದ್ ಇದ್ದಾಗ, ಒಂಬತ್ತು ಜನರನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಆ ಸೇವಾ ಕೇಂದ್ರಕ್ಕೆ ಹೋದೆ. (ಮಾಲಿನ ಗಾಡಿಯಲ್ಲಿ ಜನ. ಟ್ರಾಫಿಕ್ ಪೊಲೀಸರು ಇಷ್ಟು ಮಾತ್ರ ಓದದಿರಲಿ.)

ಹುಡುಗನಿಗೆ ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು, ಮರಾಠಿಯವ. ಮೊದಲನೇ ಒಳ್ಳೆಯ ಗುಣ: ಬಂದ ತಕ್ಷಣ ದುಡ್ಡಿನ ಮಾತು ತೆಗೆಯಲಿಲ್ಲ. ಎಲ್ಲರ ರೇಷನ್ ಕಾರ್ಡು ಇಸಿದುಕೊಂಡು, ಹನ್ನೆರಡು ಅಂಕಿಯ ನಂಬರು ಹೊಡೆದು, ಯಾರ ಹೆಸರು ಕಂಪ್ಯೂಟರಿನಲ್ಲಿ ಇದೆ, ಯಾರದಿಲ್ಲ ಅಂತ ಮೊದಲೇ ಎರಡು ಪಾಳಿ ಮಾಡಿಬಿಟ್ಟ. ಇಲ್ಲದವರನ್ನು ಸಂಜೆತನಕ ಸುಮ್ಮನೆ ಕೂರಿಸಲಿಲ್ಲ. ಹಿಂದೆ ನಾನು ಹೋಗಿದ್ದ ಇನ್ನೊಂದು ಕಡೆ ತಲೆಗೆ ಇನ್ನೂರು ಮುಂಗಡ ತೆಗೆದುಕೊಂಡು, ನಾಲ್ಕು ಗಂಟೆ ಕೂರಿಸಿ, ಕೊನೆಗೆ ಸರ್ವರ್ ಡೌನ್ ಅಂದಿದ್ದರು. ಇನ್ನೂರು ಹೋದದ್ದೇ ಬಂತು. ಇವನು ಕಾರ್ಡಿಗೆ ಸರಕಾರದ ಫೀ ಏನೂ ಇಲ್ಲ ಅಂತ ತಾನೇ ಹೇಳಿದ. ಪ್ಲಾಸ್ಟಿಕ್ ಕಾರ್ಡಿನ ಮೇಲೆ ಪ್ರಿಂಟ್ ಬೇಕಿದ್ದರೆ ಐವತ್ತು, ಕಾಗದ ಸಾಕು ಅಂದರೆ ಹತ್ತು. ಐದು ಜನ ಪ್ಲಾಸ್ಟಿಕ್ ಮಾಡಿಸಿದರು. ಗಾಣದಲ್ಲಿ ಕೆಲಸ ಮಾಡುವವರ ಕಿಸೆಯಲ್ಲಿ ಕಾಗದ ಎಷ್ಟು ದಿನ ಉಳಿದೀತು.

ಮುಂದಿನದು ಬೆರಳು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರಿಗೆ ಓಟಿಪಿ ಬಂದರೆ ಕೆಲಸ ಹಗುರ. ನಮ್ಮವರ ಹತ್ತಿರ ಆ ನಂಬರ್ ಎಲ್ಲಿಂದ ಬರಬೇಕು? ರೀಚಾರ್ಜ್ ಮಾಡಿಸದೆ ಬಂದ್ ಆಗಿ ಎಷ್ಟೋ ವರ್ಷವಾಗಿದೆ. ಮಾಮಾನ ಹಳೇ ನಂಬರಿಗೆ ಫೋನ್ ಹಚ್ಚಿದರೆ ಯಾರೋ ಒಬ್ಬ ಹಿಂದಿಯವ ಎತ್ತಿ, ತಾನು ದುಡ್ಡು ಕೊಟ್ಟು ಕೊಂಡ ಸಿಮ್ಮು ಅಂತ ರೇಗಿದ. ಹಾಗಾಗಿ ಅಂಗಠಾ. ಮಾಮಾನ ಹೆಬ್ಬೆರಳು ಇಪ್ಪತ್ತಾರು ವರ್ಷ ಬಿಸಿ ಬೆಲ್ಲ ಮುಟ್ಟಿದ್ದು, ಗೆರೆ ಅಂಬೋದೇ ಉಳಿದಿಲ್ಲ. ಹುಡುಗ ಒದ್ದೆ ಬಟ್ಟೆಯಿಂದ ಒರೆಸಿದ, ಇನ್ನೊಂದು ಬೆರಳು ಇಡಿಸಿದ, ಎಡಗೈ ಇಡಿಸಿದ. ಹತ್ತಕ್ಕೆ ಹತ್ತೂ ಬೆರಳು ಕೆಂಪು ದೀಪ. ಕೊನೆಗೆ ತನ್ನ ಫೋನ್ ತೆಗೆದು ಮುಖ ತೋರಿಸಲು ಹೇಳಿದ. ಮುಖದ ಮೇಲೆ ಗುರುತು ಹಿಡಿಯುವ ಸೌಲಭ್ಯ ಇದೆ ಅಂತ ನನಗೂ ಅವತ್ತೇ ಗೊತ್ತಾದದ್ದು. ಎದುರಿಗಿರುವುದು ಜೀವಂತ ಮನುಷ್ಯ, ಫೋಟೊ ಅಲ್ಲ ಅಂತ ಖಾತ್ರಿಯಾಗಲು ಅದರಲ್ಲಿ ಕಣ್ಣು ಮಿಟುಕಿಸಬೇಕು.

“ಡೋಳೆ ಮಿಚಕಾವಾ, ಮಾಮಾ,” ಅಂದ ಹುಡುಗ.

ಮಾಮಾ ಎರಡೂ ಕಣ್ಣು ಮುಚ್ಚಿ ಕೈಮುಗಿದು ನಿಂತ. ತೆಗೆಯಲೇ ಇಲ್ಲ. ಬೀರಲಿಂಗನ ಗುಡಿಯಲ್ಲಿ ನಿಂತ ಹಾಗೆ.

“ಯಪ್ಪಾ, ಕಣ್ ತೆರದು ಮುಚ್ಚೋ, ಪೂಜಾ ಅಲ್ಲ ಇದು,” ಅಂತ ಅತ್ತೆ ಬೆನ್ನಿಗೆ ಗುದ್ದಿದಳು. ಆ ಗುದ್ದಿಗೆ ಬೆಚ್ಚಿ ಕಣ್ಣು ಪಿಳಿಪಿಳಿ ಮಾಡಿದ ನೋಡಿ, ಹಸಿರು ಟಿಕ್ ಬಂತು.

ಹೆಸರಿನದು ಇನ್ನೊಂದು ಕಥೆ. ಆಧಾರಿನ ಹೆಸರಿಗೂ ರೇಷನ್ ಕಾರ್ಡಿನ ಹೆಸರಿಗೂ ಎಷ್ಟು ಹೊಂದುತ್ತದೆ ಅಂತ ಕಂಪ್ಯೂಟರೇ ನೂರಕ್ಕೆ ಇಷ್ಟು ಅಂತ ಅಂಕ ಹಾಕುತ್ತದೆ. ಚೆನ್ನಾಗಿ ಹೊಂದಿದರೆ ಅಲ್ಲೇ ಪಾಸು, ಕಡಿಮೆ ಬಂದರೆ ಮೇಲಿನವರು ನೋಡಿ ಒಪ್ಪುವ ತನಕ ಕಾಯಬೇಕು. ನಮ್ಮ ಕಡೆಯ ಶಿವಲಿಂಗಪ್ಪ ಇಲ್ಲಿ ಶಿವಲಿಂಗ ಆಗುತ್ತಾನೆ, ಕಲ್ಲವ್ವ ಕಲಾವತಿ ಆಗುತ್ತಾಳೆ. ಮೇಲಾಗಿ ಮರಾಠಿಯವರಿಗೆ ಆಡನಾವ್ ಇಲ್ಲದೆ ಮನುಷ್ಯನೇ ಅಲ್ಲ. ಯಾವ ಕಾಲದಲ್ಲೋ ರೇಷನ್ ಕಾರ್ಡು ಬರೆದ ಗುಮಾಸ್ತ, ಅಡ್ಡಹೆಸರು ಏನು ಅಂತ ಕೇಳಿದಾಗ ಮಾಮಾ ಬಾಯಿ ಬಿಟ್ಟು ನಿಂತದ್ದು ನೋಡಿ, ತಾನೇ ‘ಕಾನಡೆ’ ಅಂತ ಬರೆದುಕೊಂಡಿದ್ದ. ಕನ್ನಡದವ, ಅದಕ್ಕೆ ಕಾನಡೆ! ಆಧಾರಿನಲ್ಲಿ ಊರ ಹೆಸರು, ಇಲ್ಲಿ ಕಾನಡೆ. ಅಂಕ ಬಿದ್ದದ್ದು ನಲವತ್ತೆಂಟೋ ಏನೋ. ಹುಡುಗ ಎರಡೂ ಕಾಗದದ ಫೋಟೊ ಏರಿಸಿ ಕಳಿಸಿದ. ಒಂಬತ್ತನೇ ದಿನಕ್ಕೆ ಒಪ್ಪಿಗೆ ಬಂತು ಅಂತ ತಾನಾಗಿ ಫೋನ್ ಮಾಡಿದ. ಬೇಕಿದ್ದರೆ ಎರಡು ಸಲ ಓದಿ ಖಾತ್ರಿ ಮಾಡಿಕೊಳ್ಳಿ, ಸೇವಾ ಕೇಂದ್ರದವನು ತಾನಾಗಿ ಫೋನ್ ಮಾಡಿದ್ದು.

ನಮ್ಮ ಜೊತೆ ಬಂದಿದ್ದ ಮುತ್ಯಾನದು (ಅಜ್ಜನದು) ಕೂಡಲಿಲ್ಲ. 70 ತುಂಬಿದವರಿಗೆ ಆದಾಯ ನೋಡದೆ ಆಯುಷ್ಮಾನ್ ವಯ ವಂದನಾ ಕಾರ್ಡು ಕೊಡುತ್ತಾರೆ, 2024ರ ಅಕ್ಟೋಬರಿನಿಂದ. ವಯಸ್ಸಿಗೆ ಆಧಾರೇ ಪ್ರಮಾಣ. ಮುತ್ಯಾನ ಆಧಾರಿನಲ್ಲಿ ಹುಟ್ಟಿದ ದಿನ 1959ರ ಜನವರಿ 1. ನಮ್ಮ ಪೈಕಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು, ತಾರೀಕು ಗೊತ್ತಿಲ್ಲದವರಿಗೆಲ್ಲ ಅದನ್ನೇ ಬರೆದಿದ್ದಾರೆ.

“ತಮ್ಮಾ, ಎಪ್ಪತ್ತೆರಡರ ಬರದಾಗ ನಾ ಸೋಲಾಪುರ ಕಡಿ ಕಲ್ ಒಡಿಲಾಕ ಬಂದಿದ್ದೆ. ಅಮೆರಿಕಾದ ಕೆಂಪು ಮಿಲೋ ಜ್ವಾಳ ತಿಂದೀನಿ. ಆಗ ನನ್ನ ಹಿರೀ ಮಗ ತೊಟ್ಟಲದಾಗ ಇದ್ದ,” ಅಂತ ಮುತ್ಯಾ ಹೇಳಿದ. ನಾನು ಮರಾಠಿಯಲ್ಲಿ ಹೇಳಿದೆ. ಹುಡುಗ ಕ್ಯಾಲ್ಕುಲೇಟರ್ ತೆಗೆಯಲೇ ಇಲ್ಲ, ನಕ್ಕ. “ಆಧಾರ ಪ್ರಕಾರ ಬಾಬಾಗೆ ಆಗ ಹದಿಮೂರು.” ಜನ್ಮ ತಾರೀಕು ಒಂದೇ ಸಲ ಬದಲಿಸಲು ಬರುತ್ತದೆ, ಅದಕ್ಕೂ ದಾಖಲೆ ಬೇಕು ಅಂತ ಬಿಡಿಸಿ ಹೇಳಿ, ಸದ್ಯಕ್ಕೆ ಮಗನ ರೇಷನ್ ಕಾರ್ಡಿನ ಮೇಲೆ ಕುಟುಂಬದ ಕಾರ್ಡಿನಲ್ಲೇ ಸೇರಿಸಿಕೊಟ್ಟ. ಅಷ್ಟರಲ್ಲಿ ಗಾಣದ ಮಾಲಕರ ತಾಯಿ ಬೊಲೆರೊದಲ್ಲಿ ಬಂದಿಳಿದರು. ಆಧಾರಿನಲ್ಲಿ ಎಪ್ಪತ್ತೊಂದು. ಹತ್ತು ನಿಮಿಷದಲ್ಲಿ ವಯ ವಂದನಾ ಕೈಗೆ ಬಂತು. ಆದಾಯ ನೋಡೋದಿಲ್ಲವಲ್ಲ. ಮುತ್ಯಾ ಅವರಿಗೆ ಎದ್ದು ಜಾಗ ಬಿಟ್ಟುಕೊಟ್ಟ.

ಇನ್ನೊಂದು ಸಂಸಾರ ಯಾದಗಿರಿ ಕಡೆಯದು, ಬಂದು ನಾಲ್ಕು ತಿಂಗಳಾಗಿತ್ತು. ಹುಡುಗ ಆ ಹೆಣ್ಣುಮಗಳನ್ನು “ತಾಯಿ, ಇಕಡೆ ಬಸಾ” ಅಂದದ್ದೇ ತಡ, ಅವಳು ನನ್ನ ಕಡೆ ತಿರುಗಿ, “ಇವ ನನಗಿಂತ ದೊಡ್ಡಾಂವ ಇದ್ದಾನ. ನಾ ಇವನ ತಾಯಿ ಹ್ಯಾಂಗ ಆಗ್ತೀನಣ್ಣ?” ಅಂತ ಮುಖ ಕೆಂಪಗೆ ಮಾಡಿದಳು. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ ಅಂತ ತಿಳಿಸಿ ಹೇಳುವ ತನಕ ಕೂರಲೇ ಇಲ್ಲ. ಅವರದು ಕರ್ನಾಟಕದ ಬಿಪಿಎಲ್ ಕಾರ್ಡು. ಹುಡುಗ ನೋಡಿ, ಇದು ನನ್ನಿಂದ ಆಗೋದಿಲ್ಲ, ಇಲ್ಲಿನ ಫುಲೆ ಯೋಜನೆಗೆ ಇಲ್ಲಿನ ರೇಷನ್ ಕಾರ್ಡೇ ಬೇಕು ಅಂದ. ಊರಿಗೆ ಹೋದಾಗ ಗ್ರಾಮ ಒನ್‌ನಲ್ಲಿ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿಕೊಳ್ಳಿ ಅಂತ ನಾನು ಚೀಟಿ ಬರೆದುಕೊಟ್ಟೆ. ಅವರಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ ಹುಡುಗ, ಝೆರಾಕ್ಸಿನದೂ ಇಲ್ಲ. ಆದರೆ ಆ ಸಂಸಾರ ಬರಿಗೈಯಲ್ಲೇ ಪಿಕಪ್ ಹತ್ತಿತು. ದೀಪಾವಳಿ ತನಕ ಅವರು ಊರಿಗೆ ಹೋಗುವವರಲ್ಲ, ಕಾಯಿಲೆ ಅಲ್ಲಿಯ ತನಕ ಕಾಯಬೇಕು.

ನಾನು ನಾಲ್ಕು ಸ್ಟಾರ್ ಕೊಟ್ಟದ್ದು ಕಾರ್ಡಿಗಿಂತ ಹೆಚ್ಚಾಗಿ ಆಮೇಲಿನ ಐದು ನಿಮಿಷಕ್ಕೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಹೇಳಿದ: ಕ್ಯಾಶ್ ಕೌಂಟರಿಗೆ ಹೋಗಬೇಡಿ, ಮೊದಲು ಆರೋಗ್ಯಮಿತ್ರ, ಅಂದರೆ ಈ ಯೋಜನೆಯ ಕೆಲಸ ನೋಡುವವರು, ಎಲ್ಲಿ ಕೂರುತ್ತಾರೆ ಅಂತ ಕೇಳಿ. ಯೋಜನೆಯ ಪ್ರತಿ ಆಸ್ಪತ್ರೆಯಲ್ಲೂ ಆ ಟೇಬಲ್ ಇರುತ್ತದೆ. ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಅಂತ ಮನೆಯಿಂದಲೇ 155388ಕ್ಕೆ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಆ ನಂಬರನ್ನು ಎಲ್ಲರ ಕಾರ್ಡಿನ ಹಿಂದೆ ಸ್ಕೆಚ್ ಪೆನ್ನಿನಿಂದ ಬರೆದ.

ಎರಡು ತಿಂಗಳಿಗೆ ಮಾಮಾನ ಜೊತೆ ಒಲೆಗೆ ರವದಿ (ಕಬ್ಬಿನ ಕಸ) ಹಾಕುವವನಿಗೆ ಕಿಡ್ನಿ ಕಲ್ಲು. ರಾತ್ರಿ ಹನ್ನೊಂದಕ್ಕೆ ಫೋನ್. ಬೆಳಿಗ್ಗೆ 155388ಕ್ಕೆ ಹಚ್ಚಿ ಕೇಳಿಕೊಂಡೇ ಪುಣೆಗೆ ಕರೆದೊಯ್ದೆ. ಅಲ್ಲೂ ಬಾಗಿಲ ಹತ್ತಿರದ ಕೌಂಟರಿನವಳು ಮೊದಲು ಕೇಳಿದ್ದು ಡಿಪಾಸಿಟ್ಟೇ. ಆರೋಗ್ಯಮಿತ್ರ ಎಲ್ಲಿ ಅಂತ ಕೇಳಿದೆ. ಕಾರಿಡಾರಿನ ಕೊನೆಗೆ, ನೀರಿನ ಕೂಲರ್ ಪಕ್ಕ, ಒಂದು ಟೇಬಲ್. ಕಾರ್ಡು, ರೇಷನ್ ಕಾರ್ಡು, ಆಧಾರು ನೋಡಿ ಆನ್‌ಲೈನ್ ಮಂಜೂರಿಗೆ ಕಳಿಸಿದರು, ಮರುದಿನ ಮಂಜೂರಾಯಿತು, ಕಲ್ಲು ತೆಗೆದರು. ಊಟವೂ ಅದರಲ್ಲೇ. ಡಿಸ್ಚಾರ್ಜ್ ದಿನ ಔಷಧವನ್ನೂ ಕೊಟ್ಟು ಕಳಿಸಿದರು. ಅವನ ಕಿಸೆಯಿಂದ ಹೋದದ್ದು ನನ್ನ ಚಹಾದ ದುಡ್ಡು.

ಇನ್ನು ದೋಷ. ಕೂರಲು ಎರಡೇ ಕುರ್ಚಿ, ಅದರಲ್ಲಿ ಒಂದರ ಕಾಲಿಗೆ ಇಟ್ಟಂಗಿ. ಕರೆಂಟ್ ಹೋದರೆ ಇನ್ವರ್ಟರ್ ಅರ್ಧ ತಾಸಿಗೆ ಕೈಕೊಡುತ್ತದೆ, ನಮಗೂ ಕೊಟ್ಟಿತು. ಹೊರಗೆ ಬಿಸಿಲಿಗೆ ಒಂದು ತಗಡಿನ ಚಪ್ಪರ ಹಾಕಿಸಬಾರದೇ ಮಾರಾಯ? ಐವತ್ತು ರೂಪಾಯಿಗೆ ರಸೀದಿ ಕೊಡಲಿಲ್ಲ, ಕೇಳಿದರೆ ಬುಕ್ ಮುಗಿದಿದೆ ಅಂದ. ಎರಡನೇ ಸಲ ಹೋದಾಗಲೂ ಬುಕ್ ಮುಗಿದೇ ಇತ್ತು. ಗೋಡೆಗೆ ಅಂಟಿಸಿದ ಆಸ್ಪತ್ರೆಗಳ ಪಟ್ಟಿ ಹಳೆಯದು, ಅದನ್ನು ನಂಬಿ ಹೊರಡಬೇಡಿ. ಹೆಣ್ಣುಮಕ್ಕಳಿಗೆ ಪಾಯಖಾನೆ ಬೇಕಾದರೆ ಪೆಟ್ರೋಲ್ ಪಂಪಿಗೆ ನಡೆಯಬೇಕು. ಒಂದು ಸ್ಟಾರ್ ಇದಕ್ಕೆಲ್ಲ ಸೇರಿ ಕಡಿತ.

ಎರಡನೇ ಸಲ ಹೋದದ್ದು ಬೇರೆ ಗಾಣದ ಆರು ಜನರನ್ನು ಕರೆದುಕೊಂಡು. ಕನ್ನಡದವರು ಬರುತ್ತಿರುತ್ತಾರೆ, ಏನೇನು ತರಬೇಕು ಅಂತ ನಿಮ್ಮ ಭಾಷೆಯಲ್ಲಿ ಬರೆದುಕೊಡು ಅಣ್ಣಾ ಅಂತ ಹುಡುಗ ಒಂದು ರಟ್ಟು, ಮಾರ್ಕರ್ ಕೊಟ್ಟ. ಬೆಲ್ಲದ ಬಾಕ್ಸಿನ ರಟ್ಟು. ಬರೆದು ಬಾಗಿಲಿಗೆ ಕಟ್ಟಿದೆ, ಈಗಲೂ ಅಲ್ಲೇ ಇದೆ. ಇಂಕು ಮುಗಿಯುತ್ತ ಬಂದಿತ್ತು, ಕೊನೇ ಸಾಲು ಮಸುಕಾಗಿ ಓದಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ: ರೇಷನ್ ಕಾರ್ಡು ಅಸಲಿದೇ ತನ್ನಿ, ಮೊಬೈಲಿನಲ್ಲಿ ತೆಗೆದ ಫೋಟೊ ನಡೆಯೋದಿಲ್ಲ.