ಋಣವನ್ನು ಸುಟ್ಟುಕೊಡುತ್ತೇವೆ ಎನ್ನುವವರ ಬಳಿಗೆ ಹೋಗುವ ಮುನ್ನ

ಮೂರು ವರ್ಷ ನಾನು ಎಡೆಬಿಡದೆ ಹೋಗುತ್ತಿದ್ದ ಆಶ್ರಮದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿದರೆ ಓದಿದವರು ಅದೊಂದನ್ನು ಬಿಟ್ಟು ಬೇರೊಂದಕ್ಕೆ ಹೋಗಿ, ನಾನು ಮಾಡಿಸಿಕೊಂಡದ್ದನ್ನೇ ಅಲ್ಲಿ ಮಾಡಿಸಿಕೊಂಡು ಬರುತ್ತಾರೆ ಎಂಬ ಅನುಮಾನ ನನಗಿದೆ. ನನ್ನನ್ನು ಕೆಡಿಸಿದ್ದು ಅಲ್ಲಿ ಕೇಳಿದ ಒಂದು ಮಾತು: "ನಿಮ್ಮ ಭಾರವನ್ನು ಇಲ್ಲಿ ಇಳಿಸಿಬಿಡಿ, ಇನ್ನು ಅದು ನಿಮ್ಮದಲ್ಲ." ಅದನ್ನು ನಂಬುವ ಮೊದಲು, ನೀವು ಇಳಿಸಿದ ಭಾರ ಯಾರ ತಲೆಯ ಮೇಲೆ ಹೋಗಿ ಕೂರುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಮಾದಾಪುರದ ಕಡೆ ಸಣ್ಣ ಕಾಫಿ ತೋಟ. 2012ರಲ್ಲಿ ಕಾಫಿ ಕಣಕ್ಕೆ ಕಾಂಕ್ರೀಟ್ ಹಾಕಿಸಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಕೂರಿಸಲು ನನ್ನ ಕೈಯಲ್ಲಿ ಹಣ ಸಾಲದೆ ಹೋದಾಗ, ಅತ್ತಿಗೆ ತಮ್ಮ ಒಡವೆಗಳನ್ನು ಅಡವಿಟ್ಟು 4,50,000 ರೂಪಾಯಿ ತೆಗೆಸಿಕೊಟ್ಟರು. ಕಾಗದಪತ್ರ ಏನೂ ಆಗಲಿಲ್ಲ. ಅಣ್ಣತಮ್ಮಂದಿರ ನಡುವೆ ಕಾಗದ ಕೇಳುವುದನ್ನು ನಮ್ಮ ಮನೆಯಲ್ಲಿ ಅವಮಾನವೆಂದು ತಿಳಿಯುತ್ತಿದ್ದರು. "ಆದಾಗ ಕೊಡು" ಎಂದು ಅಣ್ಣ ಹೇಳಿದ್ದನ್ನು ನಾನು ಬರಬರುತ್ತಾ "ಆಗದಿದ್ದರೆ ಬೇಡ" ಎಂದು ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡೆ. ಆಮೇಲೆ 2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಕಡೆಯ ಬೆಟ್ಟಗಳು ಕುಸಿದ ಆ ದಿನಗಳಲ್ಲಿ ಅಣ್ಣನ ಪಾಲಿನ ಇಳಿಜಾರು, ಮನೆ, ಕೊಟ್ಟಿಗೆ, ಅಪ್ಪ ನೆಟ್ಟ ಅರೇಬಿಕಾ ಗಿಡಗಳು ಎಲ್ಲವೂ ಒಂದೇ ಬೆಳಗ್ಗೆ ಕೆಸರಾಗಿ ತೋಡಿಗೆ ಇಳಿದವು. ಅವರು ಪರಿಹಾರ ಕೇಂದ್ರದಲ್ಲಿ, ಅನಂತರ ಬಾಡಿಗೆ ಮನೆಯಲ್ಲಿ ಇದ್ದು, ಕೊನೆಗೆ ಜಂಬೂರಿನ ಪುನರ್ವಸತಿ ಬಡಾವಣೆಗೆ ಹೋದರು. ಮನೆಗೆ ಬದಲು ಮನೆ ಸಿಕ್ಕಿತು, ತೋಟಕ್ಕೆ ಬದಲು ತೋಟ ಸಿಗಲಿಲ್ಲ. ರಸ್ತೆಯ ಈಚೆ ಬದಿಯಲ್ಲಿದ್ದ ನನ್ನ ಪಾಲಿಗೆ ಒಂದು ಬೇಲಿಗಂಬವೂ ಅಲುಗಲಿಲ್ಲ.

ಮರುವರ್ಷ ಅಣ್ಣ ಒಂದೇ ಒಂದು ಸಲ ಕೇಳಿದರು. ಒಟ್ಟಿಗೆ ಬೇಡ, ಮೂರು ಕೊಯ್ಲಿನಲ್ಲಿ ಕೊಟ್ಟು ಮುಗಿಸು ಎಂದರು. ಆಗಲಿ ಎಂದೆ. ಅಂದಿನಿಂದ ಮಾದಾಪುರದ ಸಂತೆಯಲ್ಲಿ ಅವರ ಬೆನ್ನು ಕಂಡರೂ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಹಣ ಪೂರ್ತಿ ಇರಲಿಲ್ಲ ಎಂಬುದು ನಿಜ, ಒಂದು ಕಂತಿಗೆ ಇತ್ತು ಎಂಬುದೂ ನಿಜ. ನನಗೆ ನಿದ್ದೆ ಬರುತ್ತಿರಲಿಲ್ಲ. ಪರಿಚಯದವರೊಬ್ಬರು ಮನಸ್ಸಿನ ಶಾಂತಿಗೆಂದು ಆ ಆಶ್ರಮದ ಸತ್ಸಂಗಕ್ಕೆ ಕರೆದುಕೊಂಡು ಹೋದದ್ದು ಅದೇ ಸಮಯದಲ್ಲಿ. ನನಗೆ ಬೇಕಾಗಿದ್ದದ್ದು ದೇವರಲ್ಲ, ಅಣ್ಣನಿಂದ ಬಿಡುಗಡೆ ಎಂಬುದು ಆಗ ನನಗೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅದಕ್ಕೆ ಮೋಕ್ಷವೆಂದು ಹೆಸರಿಟ್ಟೆನೋ, ಇಂದಿಗೂ ಖಚಿತವಾಗಿ ಹೇಳಲಾರೆ.

ಅಲ್ಲಿಯ ಗುರುಗಳು ಚೆನ್ನಾಗಿ ಮಾತನಾಡುತ್ತಿದ್ದರು. ಶ್ರೀವೈಷ್ಣವರಲ್ಲಿ ವಡಕಲೈ, ತೆಂಗಲೈ ಎಂಬ ಎರಡು ಪಂಗಡಗಳ ನಡುವೆ ಹಳೆಯ ಚರ್ಚೆಯೊಂದಿದೆ. ಮಂಗದ ಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಆದರೆ ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಮೋಕ್ಷಕ್ಕೆ ಜೀವಾತ್ಮನ ಪ್ರಯತ್ನವೂ ಬೇಕು ಎನ್ನುವವರು ಮೊದಲನೆಯದನ್ನು, ಕೃಪೆಯೊಂದೇ ಸಾಕು ಎನ್ನುವವರು ಎರಡನೆಯದನ್ನು ಉದಾಹರಿಸುತ್ತಾರೆ. ಗುರುಗಳು ಮಂಗವನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ, ಬೆಕ್ಕಿನ ಮೇಲೆ ಒಂದು ಗಂಟೆ ಮಾತನಾಡಿದರು. "ನೀವೆಲ್ಲ ಬೆಕ್ಕಿನ ಮರಿಗಳು" ಎಂದಾಗ ಸಭಾಂಗಣದಲ್ಲಿ ಹಲವರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಮೋಕ್ಷದ ಬಗ್ಗೆ ನಡೆದ ಆ ಚರ್ಚೆಯಲ್ಲಿ ಯಾವ ಪಂಗಡದವರೂ ಸಾಲ ತೀರಿಸಬೇಕೋ ಬೇಡವೋ ಎಂದು ವಾದಿಸಿದವರಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಇನ್ನೊಂದು ಮಾತು ಗೀತೆಯ ಹದಿನೆಂಟನೆಯ ಅಧ್ಯಾಯದ 66ನೆಯ ಶ್ಲೋಕ: ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನಿಗೆ ಶರಣಾಗು, ಎಲ್ಲ ಪಾಪಗಳಿಂದಲೂ ನಿನ್ನನ್ನು ಬಿಡಿಸುತ್ತೇನೆ. ಶರಣಾಗತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ತಾಯಿ ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ವರ್ಷವಿಡೀ ದೇವರ ಕೋಣೆಯಲ್ಲಿ ಇಟ್ಟಿರುತ್ತಿದ್ದರು, ಅವರ ಕೊನೆಯ ಗಳಿಗೆಯಲ್ಲಿ ಬಾಯಿಗೆ ಬಿಟ್ಟದ್ದೂ ಅದೇ ತೀರ್ಥವನ್ನು. ಆದರೆ ಅದೇ ತಾಯಿ ಅಂಗಡಿಯ ಬಾಕಿಯನ್ನು ಉಳಿಸಿಕೊಂಡು ತಲಕಾವೇರಿಗೆ ಹೊರಟವರಲ್ಲ. ಬಹಳ ತಡವಾಗಿ ಗೀತೆಯನ್ನು ಕೈಗೆತ್ತಿಕೊಂಡು ಓದಿದಾಗ, ಆ ಶ್ಲೋಕಕ್ಕಿಂತ ಮೂರೇ ಶ್ಲೋಕ ಮೊದಲು, 63ರಲ್ಲಿ, ಇದನ್ನೆಲ್ಲ ಪೂರ್ತಿಯಾಗಿ ವಿಚಾರಮಾಡಿ ನಿನಗೆ ತೋಚಿದಂತೆ ಮಾಡು ಎಂದು ಕೃಷ್ಣನು ತೀರ್ಮಾನವನ್ನು ಅರ್ಜುನನಿಗೇ ಬಿಟ್ಟಿರುವುದು ಕಂಡಿತು. ಎಲ್ಲವನ್ನೂ ಕೇಳಿದ ಮೇಲೆ ಅರ್ಜುನನು ಮಾಡಿದ್ದಾದರೂ ಏನು? ಮನೆಗೆ ಹೋಗಲಿಲ್ಲ, ಎದ್ದು ನಿಂತು ತನ್ನ ಕೆಲಸಕ್ಕೆ ಹೊರಟ. ಮೂರು ವರ್ಷಗಳಲ್ಲಿ 63ನೆಯ ಶ್ಲೋಕವನ್ನು ಆ ಸಭಾಂಗಣದಲ್ಲಿ ನಾನು ಒಮ್ಮೆಯೂ ಕೇಳಿದ ನೆನಪಿಲ್ಲ.

2021ರಲ್ಲಿ ದೀಕ್ಷೆಯಾಯಿತು. ಪ್ರತಿಯೊಬ್ಬರೂ ತಮ್ಮ ಹೊರೆಯನ್ನು ಒಂದು ಹಾಳೆಯಲ್ಲಿ ಬರೆದು ಹೋಮಕುಂಡಕ್ಕೆ ಹಾಕಬೇಕಾಗಿತ್ತು. ನಾನು ಅಣ್ಣನ ಹೆಸರನ್ನೂ ಮೊತ್ತವನ್ನೂ ಬರೆದೆ. ಹಾಳೆ ಹೊತ್ತಿ, ಸುರುಟಿ, ಕಪ್ಪಾಗಿ ಮೇಲಕ್ಕೆ ಹಾರಿತು. "ಈ ಋಣ ಇನ್ನು ನನ್ನದು, ನಿಮ್ಮದಲ್ಲ" ಎಂದು ಗುರುಗಳು ನನ್ನ ತಲೆಯ ಮೇಲೆ ಕೈಯಿಟ್ಟರು. ಅಂದು ರಾತ್ರಿ ನಾನು ಎಂಟು ಗಂಟೆ ನಿದ್ದೆ ಮಾಡಿದೆ. ಇದನ್ನು ಮುಚ್ಚಿಟ್ಟರೆ ನನ್ನ ಎಚ್ಚರಿಕೆಗೆ ಬೆಲೆಯಿರುವುದಿಲ್ಲ: ಆ ನಿದ್ದೆ ನಿಜವಾದದ್ದು, ಸುಖವಾದದ್ದು, ಅದಕ್ಕಾಗಿಯೇ ಜನ ಹೋಗುತ್ತಾರೆ.

ಹಣವನ್ನು ಅವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅಕ್ಕಪಕ್ಕ ಕುಳಿತವರು ಕೊಡುವುದನ್ನು ನೋಡಿ ನಾವೂ ಕೊಡುತ್ತಿದ್ದೆವು. ಮೂರು ವರ್ಷಗಳಲ್ಲಿ ನಾನು ನಗದಾಗಿ ಕೊಟ್ಟದ್ದು 1,85,000 ರೂಪಾಯಿ, ಅಂದರೆ ಅಣ್ಣನಿಗೆ ಕೊಡಬೇಕಾಗಿದ್ದ ಒಂದು ಕಂತಿಗಿಂತ ಹೆಚ್ಚು. ರಸೀದಿ ಸಿಕ್ಕಿದ್ದು ಒಂದಕ್ಕೂ ಇಲ್ಲ. ನೋಂದಾಯಿತ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ನಮ್ಮ ಲೆಕ್ಕಪರಿಶೋಧಕರು ಆಮೇಲೆ ಹೇಳಿದರು. ರಸೀದಿ ಕೇಳಲು ಯಾರಾದರೂ ಹಿಂಜರಿಯುವಂತೆ ಮಾಡಿದರೆ, ಅಧ್ಯಾತ್ಮವನ್ನು ಪಕ್ಕಕ್ಕಿಟ್ಟು ಲೆಕ್ಕವನ್ನು ಮೊದಲು ನೋಡಿ.

ಹೊಣೆಯನ್ನು ಒಂದು ಕಡೆ ಇಳಿಸಿದ ಕೈ ಬೇರೆಲ್ಲ ಕಡೆಯೂ ಸಡಿಲವಾಗುತ್ತದೆ. ಒಳ್ಳೆಮೆಣಸಿನ ಬಳ್ಳಿಗೆ ಮುಂಗಾರು ಹಿಡಿಯುವ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣ ಬೀಳಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸಬೇಕು. ಇವೆರಡೂ ತಪ್ಪಿದರೆ ಸೊರಗು ರೋಗ ಬಂದು, ಹಸಿರಾಗಿದ್ದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗುತ್ತದೆ. 2022ರಲ್ಲಿ ಔಷಧಿ ಹೊಡೆಸಬೇಕಾಗಿದ್ದ ವಾರ ನಾನು ಮೌನ ಶಿಬಿರದಲ್ಲಿದ್ದೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಎರಡು ಸಲ ಫೋನ್ ಮಾಡಿದರಂತೆ. ಫೋನು ಆಶ್ರಮದ ಕಪಾಟಿನಲ್ಲಿತ್ತು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ್ದ ಬಳ್ಳಿಗಳಲ್ಲಿ ನೂರನಲವತ್ತು ಆ ಮಳೆಗಾಲದಲ್ಲೇ ಹೋದವು. ಗುರುಗಳಿಗೆ ಹೇಳಿಕೊಂಡಾಗ, ಅದು ನನ್ನ ಹಳೆಯ ಕರ್ಮ ಕಳೆದ ಲಕ್ಷಣ ಎಂದರು. ನನ್ನ ಸೋಮಾರಿತನಕ್ಕೆ ಇಷ್ಟು ಗೌರವದ ವಿವರಣೆಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಆ ವರ್ಷದ ಕೊನೆಗೆ ಅತ್ತಿಗೆ ಮನೆಗೆ ಬಂದರು. ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಬೇಕಾಗಿತ್ತು. ನಾನು ಬಹಳ ಸಮಾಧಾನದ ದನಿಯಲ್ಲಿ, "ಅತ್ತಿಗೆ, ಅದನ್ನೆಲ್ಲ ನಾನು ಗುರುಗಳ ಪಾದಕ್ಕೆ ಹಾಕಿದ್ದೇನೆ, ಆ ಋಣವನ್ನು ಅವರೇ ತೆಗೆದುಕೊಂಡಿದ್ದಾರೆ" ಎಂದೆ. ಅವರು ನನ್ನ ಮುಖವನ್ನು ನೋಡಿ, "ಹೌದಾ? ಹಾಗಾದರೆ ಅವರ ವಿಳಾಸ ಕೊಡು" ಎಂದರು. ಹಂಗಿಸುತ್ತಿದ್ದಾರೆ ಎಂದುಕೊಂಡೆ. ಮರುದಿನ ಅವರು ಬಸ್ಸು ಹತ್ತಿ ನಿಜವಾಗಿಯೂ ಅಲ್ಲಿಗೆ ಹೋದರು. ಕಚೇರಿಯಲ್ಲಿ ಒಂದೂವರೆ ಗಂಟೆ ಕೂರಿಸಿದ ಬಳಿಕ, ಭಕ್ತರ ಮನೆಯ ಹಣಕಾಸಿನ ವ್ಯವಹಾರಕ್ಕೂ ಆಶ್ರಮಕ್ಕೂ ಸಂಬಂಧವಿಲ್ಲವೆಂದು ಹೇಳಿ ಕಳುಹಿಸಿದರಂತೆ.

ಸಂಜೆ ಅಣ್ಣನ ಫೋನಿನಿಂದ ಅತ್ತಿಗೆಯೇ ಇದನ್ನು ತಿಳಿಸಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಅವರು ತೆಗೆದುಕೊಂಡಿಲ್ಲವಂತೆ. ನಿನ್ನ ಹತ್ತಿರವೇ ಇದೆಯಂತೆ" ಎಂದರು.

ಮುಂದಿನ ಭಾನುವಾರ ನಾನು ಗುರುಗಳನ್ನು ಕೇಳಿದೆ. ಪ್ರಶ್ನೆ ಕೇಳುತ್ತಿರುವುದು ನಾನಲ್ಲ, ನನ್ನ ಅಹಂಕಾರ ಎಂದರು. ಇದನ್ನು ಗುರುತಿಟ್ಟುಕೊಳ್ಳಿ: ನೀವು ಕೇಳಿದ್ದಕ್ಕೆ ಉತ್ತರ ಕೊಡದೆ ಕೇಳಿದ ನಿಮ್ಮನ್ನೇ ರೋಗವೆಂದು ತೋರಿಸುವ ಜಾಗದಲ್ಲಿ ಇನ್ನೊಂದು ವಾರವೂ ಕೂರಬೇಡಿ. ನಾನು ಅಲ್ಲಿಂದ ಎದ್ದು ಬಂದೆ. ದೂರು ಕೊಡುವ ಯೋಚನೆಯೂ ಬಂದಿತ್ತು, ಏನೆಂದು ಕೊಡಲಿ? ಹಾಳೆಯನ್ನು ಬರೆದವನು ನಾನು, ಬೆಂಕಿಗೆ ಹಾಕಿದವನೂ ನಾನು.

ಮೊದಲ ಕಂತನ್ನು 2023ರ ಮಾರ್ಚಿನಲ್ಲಿ, ಉಳಿದ ಬಳ್ಳಿಗಳ ಮೆಣಸು ಮಾರಿದ ಮೇಲೆ ಜಂಬೂರಿಗೆ ತೆಗೆದುಕೊಂಡು ಹೋದೆ. ಅಣ್ಣ ಎರಡು ಸಲ ಎಣಿಸಿದರು. ಮೊದಲೆಲ್ಲ ನನ್ನ ಕೈಯಿಂದ ಹಣವನ್ನು ಅವರು ಎಣಿಸಿ ತೆಗೆದುಕೊಂಡವರಲ್ಲ. ಅನಂತರ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ದಿನಾಂಕ, ಮೊತ್ತ, ಬಾಕಿ ಬರೆದು, ಸಹಿಮಾಡಿ ನನ್ನ ಮುಂದಿಟ್ಟರು. ಒಡವೆಗೆ ಕಟ್ಟಿದ ಬಡ್ಡಿಯನ್ನೂ ಸೇರಿಸಬೇಕೆಂದು ಅತ್ತಿಗೆ ಒಳಗಿನಿಂದಲೇ ಹೇಳಿದರು. ಆಗಲಿ ಎಂದೆ. ಆ ಬಡ್ಡಿಯ ಲೆಕ್ಕ ಇನ್ನೂ ಮುಗಿದಿಲ್ಲ.