ನಾಲ್ಕು ಮಳೆಗಾಲ ಕಂಡ ನನ್ನ 4ಜಿ ಡಾಂಗಲ್

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ, ತೋಟದ ಮಧ್ಯೆ. ಫೈಬರ್ ಇನ್ನೂ ಬಂದಿಲ್ಲ. ನಾಲ್ಕು ವರ್ಷದಿಂದ ನನ್ನ ಕೆಲಸವೆಲ್ಲ ನಡೀತಿರೋದು ಬೆರಳುದ್ದದ ಒಂದು ಯುಎಸ್‌ಬಿ ಮೋಡೆಮ್‌ನಿಂದ, ಅಂದರೆ ಈ ಡಾಂಗಲ್‌ನಿಂದ. ಅಪ್ಪ ಇವತ್ತಿಗೂ ಅದನ್ನು ನೆಟ್‌ಸೆಟ್ಟರ್ ಅಂತಲೇ ಕರೆಯುತ್ತಾರೆ.

ನೆಟ್‌ವರ್ಕಿಂಗ್ ಗೊತ್ತಿಲ್ಲದವರು ಇದನ್ನು ಪರದೆ, ಬ್ಯಾಟರಿ ಎರಡೂ ಇಲ್ಲದ ಮೊಬೈಲ್ ಅಂದುಕೊಳ್ಳಿ. ಒಳಗೆ ಸಿಮ್ ಹಾಕಬೇಕು. ಕರೆಂಟನ್ನು ಲ್ಯಾಪ್‌ಟಾಪಿನಿಂದಲೇ ತಗೊಳ್ಳುತ್ತದೆ. ಹಳೇ 3ಜಿ ಡಾಂಗಲ್‌ಗಳಲ್ಲಿ *99# ಡಯಲ್ ಮಾಡಬೇಕಿತ್ತು, ಇದರಲ್ಲಿ ಆ ಗೋಜಿಲ್ಲ, ನೆಟ್‌ವರ್ಕ್ ಕೇಬಲ್ ಚುಚ್ಚಿದ ಹಾಗೇ ಲ್ಯಾಪ್‌ಟಾಪಿಗೆ ಕಾಣುತ್ತದೆ, ಐಪಿ ವಿಳಾಸವನ್ನೂ (ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸೋ ಸಂಖ್ಯೆ) ತಾನೇ ಕೊಡುತ್ತದೆ. ಬ್ರೌಸರಿನಲ್ಲಿ 192.168.8.1 ಹಾಕಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಮೊದಲ ದಿನ ಸಿಗ್ನಲ್ ಬಂದರೂ ನೆಟ್ ಬರಲಿಲ್ಲ. ನೋಡಿದರೆ ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್ಟಿಗೆ ಸೇರೋಕೆ ಕೊಡಬೇಕಾದ ಹೆಸರು, ತಪ್ಪಿತ್ತು. ಜಿಯೊ ಸಿಮ್‌ಗೆ ಜಿಯೊನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಹೀಗೆ ಸಿಮ್ಮಿಗೆ ತಕ್ಕ ಹೆಸರು ಅಲ್ಲಿ ಇರಲೇಬೇಕು.

ಡಬ್ಬದ ಮೇಲೆ ವೇಗ 150 ಎಂಬಿಪಿಎಸ್ ಅಂತಿದೆ. ನಮಗೆ ಸಂಜೆ ಹೊತ್ತು ಸಿಗೋದು 6 ಎಂಬಿಪಿಎಸ್, ರಾತ್ರಿ ಹನ್ನೊಂದು ಗಂಟೆ ಮೇಲೆ 20. ಒಂದೇ ಟವರನ್ನು ಊರೆಲ್ಲ ಹಂಚಿಕೊಳ್ಳಬೇಕು ಅಲ್ವಾ.

ಆದರೆ ಇದಕ್ಕಿಂತ ಮುಖ್ಯ, ಡಾಂಗಲ್ ಎಲ್ಲಿಡುತ್ತೀರಿ ಅನ್ನೋದು. ಸಿಗ್ನಲ್ ಕಡ್ಡಿ ನೋಡಿ ನಂಬಬೇಡಿ, ಸೆಟ್ಟಿಂಗ್ಸ್‌ನಲ್ಲಿ ಆರ್‌ಎಸ್‌ಆರ್‌ಪಿ ಅಂತ ಟವರ್ ಸಿಗ್ನಲ್ಲಿನ ಬಲ ಹೇಳೋ ಒಂದು ಮೈನಸ್ ಅಂಕಿ ಇರುತ್ತದೆ, ಅದು ಸೊನ್ನೆಗೆ ಹತ್ತಿರ ಆದಷ್ಟೂ ಒಳ್ಳೆಯದು. ನಮ್ಮದು ದಪ್ಪ ಮಣ್ಣಿನ ಗೋಡೆ. ಮೇಜಿನ ಹತ್ತಿರ -115 ಇತ್ತು, ವಿಡಿಯೊ ಕಾಲ್ ನಿಂತು ನಿಂತು ಹೋಗುತ್ತಿತ್ತು. ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಟವರ್ ಕಡೆಯ ಕಿಟಕಿ ಸರಳಿಗೆ ಕಟ್ಟಿದೆ. -98ಕ್ಕೆ ಬಂತು! ಮೊದಲು ತಂದಿದ್ದು ಐದು ಮೀಟರಿನ ಅಗ್ಗದ ಕೇಬಲ್. ಅದರಲ್ಲಿ ಕರೆಂಟ್ ಸಾಲದೆ ಡಾಂಗಲ್ ಸುಮ್‌ಸುಮ್ನೆ ಆಫ್ ಆಗುತ್ತಿತ್ತು. ಎರಡು ಮೀಟರಿನ ದಪ್ಪ ಕೇಬಲ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಜೋರು ಮಳೆಯಲ್ಲಿ ಮರಗಳು ನೆನೆದು ನಿಂತಾಗ ಮಾತ್ರ ಈಗಲೂ ಅಂಕಿ ನಾಲ್ಕೈದು ಇಳಿಯುತ್ತದೆ.

ಹಳ್ಳಿಯವರು ಕೊಳ್ಳುವ ಮೊದಲು ಬ್ಯಾಂಡ್ 5 ಇದೆಯಾ ಅಂತ ಕೇಳಿ (ಬ್ಯಾಂಡ್ ಅಂದರೆ ಟವರ್ ಬಳಸೋ ರೇಡಿಯೊ ಅಲೆಗಳ ಪಟ್ಟಿ). ಅದು 850 ಮೆಗಾಹರ್ಟ್ಸ್, ದೂರ ಬರುತ್ತದೆ. 2300ರ ಬ್ಯಾಂಡ್ 40 ಅಷ್ಟು ದೂರ ಬರಲ್ಲ. ಹಳೇ 3ಜಿ ಡಾಂಗಲ್ ಯಾರಾದರೂ ಕಮ್ಮಿಗೆ ಕೊಟ್ಟರೂ ಬೇಡ, ಜಿಯೊಗೆ 3ಜಿ ಇಲ್ಲವೇ ಇಲ್ಲ.

ಕೊರತೆಗಳೂ ಇವೆ. ಒಂದೆರಡು ಗಂಟೆ ಮೀಟಿಂಗ್ ಆದರೆ ಮುಟ್ಟಲಾರದಷ್ಟು ಬಿಸಿ. ವೈಫೈ ಇಲ್ಲದ ಮಾದರಿ, ಹಾಗಾಗಿ ಮಗಳ ಟ್ಯಾಬಿಗೆ ನೆಟ್ ಬೇಕಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಹಾಕಬೇಕು. ತೋಟದ ಕ್ಯಾಮೆರಾವನ್ನು ಊರಾಚೆಯಿಂದ ನೇರವಾಗಿ ನೋಡೋಕೂ ಆಗಲಿಲ್ಲ, ಸಿಮ್‌ಗೆ ಸಿಗೋದು ಕಂಪನಿಯ ಒಳಗಿನ ಐಪಿ, ಹೊರಗಿನಿಂದ ಅದನ್ನು ನೇರವಾಗಿ ತಲುಪೋಕಾಗಲ್ಲ.

ಕಳೆದ ಜುಲೈನಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಟವರ್ ಮಾತ್ರ ನಡೀತಿತ್ತು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲೇ ಕೆಲಸ ಮುಗಿಸಿ ಕಳಿಸಿದೆ. ಇದು ಕೆಟ್ಟರೆ ಮತ್ತೆ ಡಾಂಗಲ್ಲೇ ತರೋದು, ಆದರೆ ವೈಫೈ ಇರುವಂಥದ್ದು.